ಹೊಸ್ತಿಲು ನೋಡಿ ದೇಶ ಹೇಳುವ ಊರು

ನೆದರ್ಲೆಂಡ್ಸ್ ದೇಶದ ಉತ್ತರ ಬ್ರಬಾಂಟ್ ಪ್ರಾಂತ್ಯದಲ್ಲಿ, ಟಿಲ್ಬರ್ಗ್ ನಗರದಿಂದ ಸುಮಾರು 20 ಕಿಲೋಮೀಟರ್ ದಕ್ಷಿಣಕ್ಕೆ ಬಾರ್ಲೆ ಎಂಬ ಊರಿದೆ. ಅಲ್ಲಿಂದ ಇನ್ನೂ ನಾಲ್ಕೈದು ಕಿಲೋಮೀಟರ್ ಕೆಳಗಿಳಿದರೆ ಬೆಲ್ಜಿಯಂ ಗಡಿ. ಶಾಲೆಯ ಭೂಪಟ ಹೇಳುವುದು ಇಷ್ಟೇ. ಊರೊಳಗೆ ಬಂದವರಿಗೆ ಮಾತ್ರ ಬೆಲ್ಜಿಯಂ ಬೀದಿಯ ಎದುರು ಮಗ್ಗುಲಲ್ಲೇ ಸಿಗುತ್ತದೆ. ಹತ್ತು ಹೆಜ್ಜೆ ನಡೆದರೆ ಮತ್ತೆ ನೆದರ್ಲೆಂಡ್ಸ್, ಮೂಲೆ ತಿರುಗಿದರೆ ಮತ್ತೆ ಬೆಲ್ಜಿಯಂ. ಕಾಲುದಾರಿಯ ಕಲ್ಲುಗಳ ನಡುವೆ ಬಿಳಿಯ ಅಧಿಕ ಚಿಹ್ನೆಗಳ ಸಾಲು ಹಾದುಹೋಗಿದೆ. ಅದರ ಒಂದು ಕಡೆ ‘ಎನ್‌ಎಲ್’, ಇನ್ನೊಂದು ಕಡೆ ‘ಬಿ’ ಎಂದು ಬರೆದಿದೆ. ಆ ಸಾಲು ಕಾಲುದಾರಿ ದಾಟಿ ಅಂಗಡಿಯ ಗೋಡೆಗೆ ಮುಟ್ಟುತ್ತದೆ, ಗೋಡೆಯ ಆಚೆ ಮತ್ತೆ ಎದ್ದು ಬರುತ್ತದೆ. ನಡುವಿನ ಅಂಗಡಿ ಎರಡು ದೇಶಗಳಲ್ಲಿ ಹರಡಿಕೊಂಡು ನಿಂತಿದೆ.

ಒಂದೇ ಊರಾದರೂ ಆಡಳಿತದ ಲೆಕ್ಕದಲ್ಲಿ ಇವು ಎರಡು ಪುರಸಭೆಗಳು. ಡಚ್ಚರದು ಬಾರ್ಲೆ-ನಸ್ಸೌ, ಬೆಲ್ಜಿಯಂನದು ಬಾರ್ಲೆ-ಹೆರ್ಟೊಗ್. ನಸ್ಸೌ ಕಡೆಗೆ ಸುಮಾರು 76 ಚದರ ಕಿಲೋಮೀಟರ್ ನೆಲವಿದೆ. ಹೆರ್ಟೊಗ್ ಕಡೆಗಿರುವುದು ಏಳೂವರೆ ಚದರ ಕಿಲೋಮೀಟರ್ ಮಾತ್ರ, ಅದೂ 26 ತುಂಡುಗಳಲ್ಲಿ. ಈ ತುಂಡುಗಳ ಪೈಕಿ 22 ತುಂಡುಗಳನ್ನು ನೆದರ್ಲೆಂಡ್ಸಿನ ನೆಲ ಎಲ್ಲ ಕಡೆಯಿಂದ ಸುತ್ತುವರಿದಿದೆ. ಅಲ್ಲಿಗೂ ಮುಗಿಯಲಿಲ್ಲ. ಬೆಲ್ಜಿಯಂ ತುಂಡುಗಳ ಹೊಟ್ಟೆಯೊಳಗೆ ಮತ್ತೆ ಏಳು ಡಚ್ ತುಂಡುಗಳಿವೆ. ಅವುಗಳಲ್ಲಿ ಒಂದರ ಮಧ್ಯೆ ನಿಂತವನು ನೆದರ್ಲೆಂಡ್ಸಿನಲ್ಲಿರುತ್ತಾನೆ, ಸುತ್ತ ಬೆಲ್ಜಿಯಂ, ಅದರ ಸುತ್ತ ಮತ್ತೆ ನೆದರ್ಲೆಂಡ್ಸ್. ಬೆಲ್ಜಿಯಂ ತುಂಡುಗಳಲ್ಲಿ ದೊಡ್ಡದು ಸುಮಾರು 154 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ 380 ಎಕರೆ. ಅತಿ ಚಿಕ್ಕದು 2,632 ಚದರ ಮೀಟರ್, ಅಂದರೆ 26 ಗುಂಟೆ. ಇಪ್ಪತ್ತಾರು ಗುಂಟೆಯ ಹೊಲವೊಂದು ತನ್ನ ನಾಲ್ಕೂ ಬದುಗಳಲ್ಲಿ ಅಂತರರಾಷ್ಟ್ರೀಯ ಗಡಿಯನ್ನು ಹೊತ್ತುಕೊಂಡು ಮಲಗಿದೆ.

ಹೊರಗಿನವರಿಗೆ ಇದು ತಮಾಷೆಯಾಗಿ ಕಾಣುತ್ತದೆ. ಪ್ರವಾಸಿಗರು ಒಂದು ಕಾಲು ಆ ದೇಶದಲ್ಲಿ, ಇನ್ನೊಂದು ಈ ದೇಶದಲ್ಲಿ ಇಟ್ಟು ಫೋಟೊ ತೆಗೆಸಿಕೊಳ್ಳುತ್ತಾರೆ. ನನಗೆ ಬಾರ್ಲೆಯ ಬಗ್ಗೆ ಆಸಕ್ತಿ ಹುಟ್ಟಿದ್ದು ಬೇರೆ ಕಾರಣಕ್ಕೆ. ಎಂಟು ಶತಮಾನಗಳ ಹಿಂದೆ ಇಬ್ಬರು ದೊರೆಗಳು ಹೊಲ ಹಂಚಿಕೊಂಡ ರೀತಿ ಇಂದಿಗೂ ಅಲ್ಲಿ ಒಬ್ಬ ಹೆಂಗಸು ಯಾವ ಕಚೇರಿಯಲ್ಲಿ ತೆರಿಗೆ ಕಟ್ಟಬೇಕು, ಒಬ್ಬ ಹುಡುಗ ಯಾವ ವಯಸ್ಸಿಗೆ ಬಿಯರ್ ಕುಡಿಯಬಹುದು ಎಂಬುದನ್ನು ನಿರ್ಧರಿಸುತ್ತಿದೆ. ಇಷ್ಟು ಬಿಗಿಯಾದ ಗಂಟನ್ನು ಇಟ್ಟುಕೊಂಡೇ ಆ ಊರಿನವರು ನೆಮ್ಮದಿಯಾಗಿ ಬಾಳುವುದನ್ನು ಕಲಿತಿದ್ದಾರೆ. ಹೇಗೆ ಕಲಿತರು ಎಂಬುದೇ ಇಲ್ಲಿಯ ಕಥೆ.

ಆ ಗಂಟು ಬಿದ್ದದ್ದು 1198ರಲ್ಲಿ. ಬ್ರಬಾಂಟಿನ ಡ್ಯೂಕ್ ಒಂದನೆಯ ಹೆನ್ರಿ ಬಾರ್ಲೆಯ ಸುತ್ತಲಿನ ನೆಲವನ್ನು ಬ್ರೆಡಾದ ಒಡೆಯ ಗಾಡ್‌ಫ್ರಿಗೆ ಜಹಗೀರಾಗಿ ಕೊಟ್ಟ. ಆದರೆ ಪೂರ್ತಿ ಕೊಡಲಿಲ್ಲ. ಆಗಲೇ ಒಕ್ಕಲು ಕೂತು ಉಳುಮೆಯಾಗುತ್ತಿದ್ದ, ತನಗೆ ಗೇಣಿ ಬರುತ್ತಿದ್ದ ಹೊಲಮನೆಗಳನ್ನು ಡ್ಯೂಕ್ ತನ್ನಲ್ಲೇ ಉಳಿಸಿಕೊಂಡು, ಬೀಳುಬಿದ್ದ ಮರಳು ಭೂಮಿಯನ್ನು ದಾಟಿಸಿದ. ಆದಾಯ ತರುವ ಹೊಲ ತನಗೆ, ಇನ್ನೂ ಹಸನು ಮಾಡಬೇಕಾದದ್ದು ಅವನಿಗೆ. ಡಚ್ ಭಾಷೆಯಲ್ಲಿ ಹೆರ್ಟೊಗ್ ಅಂದರೆ ಡ್ಯೂಕ್. ಡ್ಯೂಕನ ಪಾಲಿಗೆ ಉಳಿದ ಹೊಲಗಳು ಬಾರ್ಲೆ-ಹೆರ್ಟೊಗ್ ಆದವು. ಬ್ರೆಡಾದ ಒಡೆತನ 1403ರ ಒಂದು ಮದುವೆಯ ಮೂಲಕ ನಸ್ಸೌ ಮನೆತನಕ್ಕೆ ಹೋಯಿತು, ಅವರ ಪಾಲು ಬಾರ್ಲೆ-ನಸ್ಸೌ ಎನಿಸಿಕೊಂಡಿತು. ಅಂದು ಇದು ಯಾರಿಗೂ ತೊಡಕೆನಿಸಿರಲಿಕ್ಕಿಲ್ಲ. ಒಬ್ಬ ರೈತ ಕಾಳನ್ನು ಒಬ್ಬ ಒಡೆಯನ ಕಣಜಕ್ಕೆ ಅಳೆದ, ಪಕ್ಕದ ಹೊಲದವನು ಇನ್ನೊಬ್ಬನ ಕಣಜಕ್ಕೆ ಅಳೆದ, ಅಷ್ಟೇ.

ಕನ್ನಡ ನಾಡಿಗೆ ಇಂಥ ವ್ಯವಸ್ಥೆ ಅಪರಿಚಿತವೇನಲ್ಲ. 1948ಕ್ಕೆ ಮೊದಲು ಹುಬ್ಬಳ್ಳಿಯಿಂದ ಶಿರಹಟ್ಟಿಗೆ ಹೊರಟವನು ಬ್ರಿಟಿಷರ ಧಾರವಾಡ ಜಿಲ್ಲೆಯಿಂದ ಹೊರಟು ಜಮಖಂಡಿ ಸಂಸ್ಥಾನಕ್ಕೆ ಸೇರಿದ ಕುಂದಗೋಳ ಹಾದು, ಮೀರಜಿನ ಪಟವರ್ಧನರ ಲಕ್ಷ್ಮೇಶ್ವರ ದಾಟಿ, ಸಾಂಗಲಿ ಸಂಸ್ಥಾನದ ಶಿರಹಟ್ಟಿಗೆ ಸೇರುತ್ತಿದ್ದ. ಒಂದೇ ದಾರಿ, ಒಂದೇ ಮಾತು, ನಾಲ್ಕು ಒಡೆತನ. ಜಮಖಂಡಿ ಎಲ್ಲಿ, ಕುಂದಗೋಳ ಎಲ್ಲಿ! ಸಂಸ್ಥಾನಗಳು ವಿಲೀನವಾದ ಮೇಲೆ ಆ ಗೆರೆಗಳು ಹಳಬರ ಮಾತಿನಲ್ಲಷ್ಟೇ ಉಳಿದವು. ಬಾರ್ಲೆಯಲ್ಲಿ ಆದದ್ದು ಇದರ ವಿರುದ್ಧ. ಅಲ್ಲಿ ಇಬ್ಬರು ಒಡೆಯರ ನೆಲ ಮುಂದೆ ಎರಡು ರಾಷ್ಟ್ರಗಳಾಗಿ ಬೇರೆಯಾಯಿತು. 1648ರ ಒಪ್ಪಂದದಲ್ಲಿ ಬ್ರೆಡಾ ಸೀಮೆ ಡಚ್ ಗಣರಾಜ್ಯಕ್ಕೆ ಹೋಯಿತು, ಡ್ಯೂಕನ ಹೊಲಗಳು ದಕ್ಷಿಣದ ಸ್ಪೇನ್ ಆಳ್ವಿಕೆಯ ನಾಡಿನಲ್ಲಿ ಉಳಿದವು. 1815ರಲ್ಲಿ ಎಲ್ಲವೂ ಒಂದೇ ರಾಜ್ಯದಡಿ ಬಂದು ಗೆರೆ ಅಳಿಸುವ ಸಂದರ್ಭ ಒದಗಿತ್ತು. ಹದಿನೈದು ವರ್ಷ ಕಳೆಯುವಷ್ಟರಲ್ಲಿ, 1830ರಲ್ಲಿ ಬೆಲ್ಜಿಯಂ ದಂಗೆಯೆದ್ದು ಬೇರೆ ದೇಶವಾಯಿತು.

ಹೊಸ ಗಡಿ ಎಳೆಯಲು ಕೂತ ಆಯೋಗದವರು ಉಳಿದೆಡೆ ಕಲ್ಲು ನೆಡುತ್ತ ಬಂದು ಬಾರ್ಲೆಯ ಹತ್ತಿರ ಕೈಚೆಲ್ಲಿದರು. 1843ರ ಮಾಸ್ಟ್ರಿಕ್ಟ್ ಒಪ್ಪಂದದಲ್ಲಿ 214ನೆಯ ಗಡಿಕಲ್ಲಿನಿಂದ 215ನೆಯ ಗಡಿಕಲ್ಲಿನವರೆಗೆ ಗೆರೆಯನ್ನೇ ಎಳೆಯಲಿಲ್ಲ. ಅದರ ಬದಲು ಸರ್ವೆ ದಾಖಲೆ ಮುಂದಿಟ್ಟುಕೊಂಡು 5,732 ಹಿಡುವಳಿ ತುಂಡುಗಳಿಗೆ ಒಂದೊಂದಾಗಿ ಇದು ಇವರದು, ಇದು ಅವರದು ಎಂದು ಪಟ್ಟಿ ಬರೆದರು. ಯುರೋಪಿನ ಎರಡು ಆಧುನಿಕ ರಾಷ್ಟ್ರಗಳ ಗಡಿ ಇಲ್ಲಿ ಗೇಣಿ ಪುಸ್ತಕದ ಪುಟವಾಗಿಬಿಟ್ಟಿತು. ನದಿ, ಗುಡ್ಡ, ಭಾಷೆ, ಮತ ಯಾವುದೂ ಈ ಗಡಿಗೆ ಆಧಾರವಲ್ಲ. ಎರಡೂ ಕಡೆಯವರು ಆಡುವುದು ಬ್ರಬಾಂಟ್ ಸೀಮೆಯ ಡಚ್ ಮಾತನ್ನೇ, ಎರಡೂ ಕಡೆಯ ಮನೆತನಗಳು ನಡೆದುಕೊಂಡು ಬಂದದ್ದು ಕ್ಯಾಥೊಲಿಕ್ ಪಂಥಕ್ಕೇ.

ಪಟ್ಟಿ ಅಂದ ಮೇಲೆ ಬರಹದ ತಪ್ಪು ಇರದೆ ಹೋದೀತೆ? ಝೊಂಡರೈಗೆನ್ ಎಂಬಲ್ಲಿಯ 91 ಮತ್ತು 92ನೆಯ ತುಂಡುಗಳ ಜಗಳ ಇದಕ್ಕೆ ಸಾಕ್ಷಿ. 1841ರಲ್ಲಿ ಎರಡೂ ಊರಿನ ಮೇಯರುಗಳು ಸೇರಿ ಮಾಡಿದ ಬರಹದಲ್ಲಿ 78ರಿಂದ 111ರವರೆಗಿನ ತುಂಡುಗಳೆಲ್ಲ ನಸ್ಸೌಗೆ ಎಂದಿತ್ತು. ಎರಡು ವರ್ಷದ ಬಳಿಕ ಒಪ್ಪಂದಕ್ಕೆ ಲಗತ್ತಿಸಿದ ವಿವರಣೆಯಲ್ಲಿ ಅದೇ ಸಾಲು ಒಡೆದು, 91 ಮತ್ತು 92 ಹೆರ್ಟೊಗ್‌ಗೆ ಎಂದು ಬಂತು. ಡಚ್ಚರು ಅದು ಬರೆಯುವಾಗ ಆದ ತಪ್ಪು ಎಂದರು. ಬೆಲ್ಜಿಯಂನವರು ಸಹಿ ಬಿದ್ದ ಕಾಗದವೇ ಪ್ರಮಾಣ ಎಂದರು. 1892ರಲ್ಲಿ ತುಂಡುಗಳನ್ನು ಬದಲಾಯಿಸಿಕೊಂಡು ತಂಟೆ ಮುಗಿಸುವ ಒಂದು ಒಪ್ಪಂದ ಸಿದ್ಧವಾದರೂ ಅನುಮೋದನೆ ಸಿಗದೆ ಬಿದ್ದುಹೋಯಿತು. ಕೊನೆಗೆ ವ್ಯಾಜ್ಯ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯ ಹತ್ತಿತು. 1959ರ ಜೂನ್ 20ರಂದು ನ್ಯಾಯಾಧೀಶರು ಹತ್ತಕ್ಕೆ ನಾಲ್ಕು ಮತಗಳಿಂದ ಆ ಎರಡು ತುಂಡುಗಳು ಬೆಲ್ಜಿಯಂನವು ಎಂದು ತೀರ್ಪು ಕೊಟ್ಟರು. ಎರಡು ಹೊಲಗಳ ಸಲುವಾಗಿ ಎರಡು ಸರ್ಕಾರಗಳು ವಕೀಲರನ್ನಿಟ್ಟು ವಾದಿಸಿದವೇ ಹೊರತು ಯಾರೂ ಬಂದೂಕು ಎತ್ತಲಿಲ್ಲ. ಇದನ್ನು ನಾನು ಸಣ್ಣ ಸಂಗತಿ ಎಂದು ಬಿಟ್ಟುಬಿಡಲಾರೆ.

ಬಂದೂಕು ಹೊತ್ತವರು ಬಂದದ್ದು ಬೇರೆ ಕಡೆಯಿಂದ. 1914ರ ಆಗಸ್ಟಿನಲ್ಲಿ ಜರ್ಮನ್ ಸೇನೆ ಬೆಲ್ಜಿಯಂ ಒಳಗೆ ನುಗ್ಗಿತು. ನೆದರ್ಲೆಂಡ್ಸ್ ತಟಸ್ಥವಾಗಿ ಉಳಿಯಿತು. ಬಾರ್ಲೆ-ಹೆರ್ಟೊಗ್‌ನ ತುಂಡುಗಳನ್ನು ಹಿಡಿಯಬೇಕಾದರೆ ಜರ್ಮನರು ಡಚ್ ನೆಲ ತುಳಿಯಲೇಬೇಕಿತ್ತು, ತುಳಿದರೆ ತಟಸ್ಥ ದೇಶದ ಮೇಲೆ ದಾಳಿ ಮಾಡಿದಂತಾಗುತ್ತಿತ್ತು. ಹೀಗಾಗಿ ಬೆಲ್ಜಿಯಂ ದೇಶ ಬಹುಪಾಲು ಜರ್ಮನರ ಕೈವಶವಾಗಿದ್ದ ನಾಲ್ಕು ವರ್ಷವೂ ಬಾರ್ಲೆಯ ತುಂಡುಗಳು ಸ್ವತಂತ್ರವಾಗಿದ್ದವು. ಪಶ್ಚಿಮದ ತುದಿಯಲ್ಲಿ ಐಸರ್ ನದಿಯ ಹಿಂದೆ ರಾಜ ಒಂದನೆಯ ಆಲ್ಬರ್ಟ್ ಕಾದಿಟ್ಟುಕೊಂಡ ಒಂದು ಮೂಲೆ ಬಿಟ್ಟರೆ ಬೆಲ್ಜಿಯಂ ಧ್ವಜ ಹಾರುತ್ತಿದ್ದ ನೆಲ ಇದೇ. ಇಲ್ಲಿಯ ಅಂಚೆ ಕಚೇರಿಯಲ್ಲಿ ಬೆಲ್ಜಿಯಂ ಅಂಚೆಚೀಟಿಯೇ ನಡೆಯುತ್ತಿತ್ತು. ನಿರಾಶ್ರಿತರು ಬಂದು ಸೇರಿದರು, ಗೂಢಚಾರರೂ ಸೇರಿದರು. 1915ರ ಶರತ್ಕಾಲದಲ್ಲಿ ಬೆಲ್ಜಿಯಂನವರು ಇಲ್ಲಿ ಒಂದು ರೇಡಿಯೊ ಠಾಣೆಯನ್ನೇ ಎಬ್ಬಿಸಿ ಜರ್ಮನ್ ಸೇನೆಯ ಸಂದೇಶಗಳನ್ನು ಕದ್ದು ಕೇಳತೊಡಗಿದರು. ಡಚ್ ಸರ್ಕಾರಕ್ಕೆ ಇಕ್ಕಟ್ಟು. ಠಾಣೆ ಇರುವುದು ತಮ್ಮ ನೆಲದಲ್ಲಲ್ಲ, ಮುಚ್ಚಿಸುವಂತಿಲ್ಲ. ಸುಮ್ಮನಿದ್ದರೆ ತಟಸ್ಥತೆಗೆ ಕುಂದು. ಕಡೆಗೆ ಅವರು ಆ ಜಾಗದ ಸುತ್ತ ಬೇಲಿ ಹಾಕಿ ಕಾವಲಿಟ್ಟರು.

ಅದೇ ವರ್ಷ ಜರ್ಮನರು ಬೆಲ್ಜಿಯಂ ಮತ್ತು ನೆದರ್ಲೆಂಡ್ಸ್ ನಡುವಿನ ಮುಖ್ಯ ಗಡಿಯುದ್ದಕ್ಕೂ ವಿದ್ಯುತ್ ಬೇಲಿ ಎಳೆದರು. 300 ಕಿಲೋಮೀಟರಿಗೂ ಉದ್ದದ ತಂತಿ, ಅದರಲ್ಲಿ 2,000 ವೋಲ್ಟಿನ ಹರಿವು. ವಿದ್ಯುತ್ತನ್ನೇ ಕಂಡಿರದ ಹಳ್ಳಿಗರ ಕಾಲ ಅದು. ತಂತಿ ಮುಟ್ಟಿದರೆ ಸಾಯುತ್ತಾರೆಂದು ಹೇಳಿದರೆ ನಂಬದವರೂ ಇದ್ದರು. ಐಸರ್ ರಣರಂಗಕ್ಕೆ ಸೇರಿಕೊಳ್ಳಲು ನೆದರ್ಲೆಂಡ್ಸ್ ಮೂಲಕ ತಪ್ಪಿಸಿಕೊಳ್ಳಹೊರಟ ಹುಡುಗರು, ಪತ್ರ ಸಾಗಿಸುವವರು, ದನ ಹುಡುಕಿಕೊಂಡು ಬಂದ ರೈತರು, ನೂರಾರು ಜನ ಆ ತಂತಿಯಲ್ಲಿ ಸುಟ್ಟುಹೋದರು. ಜನ ಅದನ್ನು ಸಾವಿನ ತಂತಿ ಎಂದೇ ಕರೆದರು. ಕೆಲವರು ರಬ್ಬರ್ ಹೊದಿಸಿದ ಚೌಕಟ್ಟನ್ನು ತಂತಿಗಳ ನಡುವೆ ತುರುಕಿ, ಅದರೊಳಗೆ ನುಸುಳಿ ಪಾರಾದರು. ಝೊಂಡರೈಗೆನ್ ಬೆಲ್ಜಿಯಂನ ಮುಖ್ಯಭೂಮಿಗೆ ಅಂಟಿಕೊಂಡ ಹಳ್ಳಿಯಾದ್ದರಿಂದ ಬಾರ್ಲೆ-ಹೆರ್ಟೊಗ್‌ಗೇ ಸೇರಿದ್ದರೂ ಜರ್ಮನರ ಕೈಯಲ್ಲಿತ್ತು. ಒಂದೇ ಪುರಸಭೆಯ ಒಂದು ಭಾಗ ಸ್ವತಂತ್ರ, ಇನ್ನೊಂದು ಭಾಗ ಪರರ ವಶ, ನಡುವೆ ಕೊಲ್ಲುವ ತಂತಿ. ಇವತ್ತು ಆ ಹಳ್ಳಿಯ ಬಳಿ ಬೇಲಿಯ ಒಂದು ಮಾದರಿಯನ್ನು ಮರಳಿ ಕಟ್ಟಿದ್ದಾರೆ. ಬಾರ್ಲೆಯ ಬಿಳಿ ಗುರುತುಗಳ ಮೇಲೆ ಕಾಲಿಟ್ಟು ಫೋಟೊ ತೆಗೆಸಿಕೊಂಡವರು ಅಲ್ಲಿಯವರೆಗೂ ಹೋಗಿ ಬರಬೇಕು.

ಎರಡನೆಯ ಮಹಾಯುದ್ಧದಲ್ಲಿ ಹಿಟ್ಲರನ ಸೇನೆ ಎರಡೂ ದೇಶಗಳನ್ನು ಹಿಡಿದದ್ದರಿಂದ ಈ ಬಗೆಯ ಆಸರೆ ಉಳಿಯಲಿಲ್ಲ. 1944ರ ಅಕ್ಟೋಬರಿನಲ್ಲಿ ಜನರಲ್ ಮಾಚೆಕ್ ಅವರ ಪೋಲಿಷ್ ಟ್ಯಾಂಕು ಪಡೆ ಊರನ್ನು ಬಿಡಿಸಿತು.

ಯುದ್ಧ ಮುಗಿದ ಮೇಲೆ ಬಂದದ್ದು ಬೆಣ್ಣೆಯ ಕಾಲ. ಗಡಿ ಊರಿಗೆ ಕಳ್ಳಸಾಗಣೆ ಹೊಸದೇನಲ್ಲ. ಉಪ್ಪು, ಹೊಗೆಸೊಪ್ಪು, ದನ ಎಲ್ಲವೂ ಕತ್ತಲಲ್ಲಿ ಆಚೀಚೆ ಹೋಗಿದ್ದವು. ಆದರೆ 1950 ಮತ್ತು 60ರ ದಶಕಗಳಲ್ಲಿ ಡಚ್ ಬೆಣ್ಣೆಗೂ ಬೆಲ್ಜಿಯಂ ಬೆಣ್ಣೆಗೂ ಇದ್ದ ಬೆಲೆಯ ಅಂತರ ಈ ಸೀಮೆಯ ಬಡ ರೈತಮಕ್ಕಳಿಗೆ ದೊಡ್ಡ ಆಮಿಷವಾಯಿತು. ಮರಳು ನೆಲ, ಸಣ್ಣ ಹಿಡುವಳಿ, ತುಂಬಿದ ಮನೆ. ಒಂದು ರಾತ್ರಿಯ ಹೊರೆಯಿಂದ ಸಿಗುತ್ತಿದ್ದ ಹಣ ಕೂಲಿಯಿಂದ ಬೇಗ ಹುಟ್ಟುವಂಥದಲ್ಲ. ಮೊದಮೊದಲು ಬೆನ್ನ ಮೇಲೆ ಹೊತ್ತರು, ಸೈಕಲ್ ಮೇಲೆ ಹೇರಿದರು. ಆಮೇಲೆ ದೊಡ್ಡ ಕಾರುಗಳಿಗೆ ಉಕ್ಕಿನ ಹಲಗೆ ಬಡಿದು ರಾತ್ರಿಯ ರಸ್ತೆಗಳಲ್ಲಿ ಓಡಿಸತೊಡಗಿದರು. ಬೆನ್ನಟ್ಟಿ ಬರುವ ಸುಂಕದವರ ಗಾಡಿಯ ಚಕ್ರ ಒಡೆಯಲು ಹಿಂದಕ್ಕೆ ಚೂಪಾದ ಕಬ್ಬಿಣದ ಮುಳ್ಳುಗಳನ್ನು ಚೆಲ್ಲುತ್ತಿದ್ದರು. ಸುಂಕದವರು ಗುಂಡು ಹಾರಿಸಿದ್ದೂ ಉಂಟು, ಜೀವ ಹೋದದ್ದೂ ಉಂಟು. 1960ರ ದಶಕದ ಕೊನೆಗೆ ಯುರೋಪಿನ ಸಾಮಾನ್ಯ ಮಾರುಕಟ್ಟೆ ಹಾಲು-ಬೆಣ್ಣೆಗೆ ಒಂದೇ ದರ ತಂದಾಗ ಆ ದಂಧೆ ತಾನಾಗಿ ಬತ್ತಿತು. ಆ ರಾತ್ರಿಗಳ ಕಥೆಗಳನ್ನು ಈಗ ಸಾಹಸದ ಮಾತಿನಲ್ಲಿ ಹೇಳುವವರಿದ್ದಾರೆ. ನನಗೆ ಅದರೊಳಗಿನ ಬಡತನವೇ ಮೊದಲು ಕಾಣುತ್ತದೆ.

ಇನ್ನು ದಿನನಿತ್ಯದ ಬದುಕಿಗೆ ಬರೋಣ. ಹೊಲಗಳ ಬದು ಗಡಿಯಾಗಿದ್ದ ಕಡೆ ಮನೆಗಳು ಎದ್ದವು. ಮನೆ ಕಟ್ಟುವವನು ತನ್ನ ನಿವೇಶನ ನೋಡುತ್ತಾನೆ, ಹನ್ನೆರಡನೆಯ ಶತಮಾನದ ಜಹಗೀರು ನೋಡುವುದಿಲ್ಲ. ಹಾಗಾಗಿ ಗಡಿ ಎಷ್ಟೋ ಮನೆಗಳ ಒಳಗೆ ಹಾದುಹೋಗಿದೆ. ಒಬ್ಬರ ಪಡಸಾಲೆ ಬೆಲ್ಜಿಯಂನಲ್ಲಿ, ಮಲಗುವ ಕೋಣೆ ನೆದರ್ಲೆಂಡ್ಸಿನಲ್ಲಿ. ಇಂಥ ಮನೆಯವರು ಯಾವ ದೇಶಕ್ಕೆ ಸೇರಿದವರು? ಊರು ಇದಕ್ಕೆ ಕಂಡುಕೊಂಡ ಉತ್ತರ ಸರಳವಾದದ್ದು: ಮುಂಬಾಗಿಲು ಯಾವ ದೇಶದ ನೆಲಕ್ಕೆ ತೆರೆದುಕೊಳ್ಳುತ್ತದೆಯೋ ಆ ಮನೆ ಆ ದೇಶದ್ದು. ತೆರಿಗೆ, ನೀರು, ಮತದಾನ, ಮನೆ ಸಂಖ್ಯೆ ಎಲ್ಲವೂ ಹೊಸ್ತಿಲನ್ನು ಅನುಸರಿಸುತ್ತವೆ. ಮನೆ ಸಂಖ್ಯೆಯ ಫಲಕದಲ್ಲಿ ಆಯಾ ದೇಶದ ಧ್ವಜದ ಬಣ್ಣವಿರುತ್ತದೆ. ಅದನ್ನು ನೋಡಿದರೆ ಅಂಚೆಯವನಿಗೆ ತನ್ನ ಮನೆ ಯಾವುದು, ಎದುರು ದೇಶದ ಅಂಚೆಯವನ ಮನೆ ಯಾವುದು ಎಂದು ತಿಳಿಯುತ್ತದೆ. ಒಂದೇ ಬೀದಿಯಲ್ಲಿ ಎರಡು ದೇಶಗಳ ಸಂಖ್ಯೆಗಳು ಬೆರೆತುಕೊಂಡಿರುವುದರಿಂದ ಕ್ರಮ ಹುಡುಕುವ ಹೊಸಬರು ತಬ್ಬಿಬ್ಬಾಗುತ್ತಾರೆ.

ಲೊವೆರೆನ್ ಬೀದಿಯಲ್ಲಿ ಒಂದು ಮನೆಗೆ ಈ ನಿಯಮವೂ ಸಾಲಲಿಲ್ಲ. ಅಲ್ಲಿ ಗೆರೆ ಮುಂಬಾಗಿಲಿನ ನಡುವಿನಿಂದಲೇ ಹಾದಿದೆ. ಆ ಮನೆಗೆ ಎರಡು ಸಂಖ್ಯೆ, ಎರಡು ಕರೆಗಂಟೆ. ಇನ್ನೊಂದು ಮನೆಯ ಕಥೆ ಊರಿನಲ್ಲಿ ಎಲ್ಲರಿಗೂ ಗೊತ್ತು. ಗಡಿಯನ್ನು ಕೊನೆಯ ಸಲ ಕರಾರುವಾಕ್ಕಾಗಿ ಅಳೆದು ಮುಗಿಸಿದ್ದು 1995ರಲ್ಲಿ. ಆಗ ಬದುಕಿನುದ್ದಕ್ಕೂ ತಾನು ಬೆಲ್ಜಿಯಂನಲ್ಲಿದ್ದೇನೆ ಎಂದುಕೊಂಡಿದ್ದ ಒಬ್ಬ ಅಜ್ಜಿಯ ಬಾಗಿಲು ಅಳತೆಯ ಪ್ರಕಾರ ಆಚೆ ಕಡೆಗೆ ಬಿತ್ತು. ಅಜ್ಜಿ ದೇಶ ಬದಲಾಯಿಸಲು ಒಪ್ಪಲಿಲ್ಲ. ಬಾಗಿಲನ್ನು ಕಿತ್ತು ಕಿಟಕಿಯಿದ್ದ ಜಾಗದಲ್ಲಿ ಇಟ್ಟು, ಕಿಟಕಿಯನ್ನು ಬಾಗಿಲಿದ್ದಲ್ಲಿಗೆ ಸರಿಸಿದರು. ಅಜ್ಜಿ ತನ್ನ ದೇಶದಲ್ಲೇ ಉಳಿದಳು. ಈ ಕಥೆ ಕೇಳಿ ನಗುವವರು ಅದರಲ್ಲಿ ಅಧಿಕಾರಿಗಳು ತೋರಿದ ಸೌಜನ್ಯವನ್ನು ಗಮನಿಸಬೇಕು. ಗೆರೆಯನ್ನು ಒಂದು ಗೇಣೂ ಕದಲಿಸಲಾಗದು ಎಂದಾದಾಗ ಮುದುಕಿಯನ್ನು ಕದಲಿಸದೆ ಬಾಗಿಲನ್ನು ಕದಲಿಸುವ ದಾರಿ ಅವರಿಗೆ ಹೊಳೆಯಿತು.

ಬಾಗಿಲಿನ ನಿಯಮವನ್ನು ಲಾಭಕ್ಕೆ ಬಳಸಿಕೊಂಡವರೂ ಇದ್ದಾರೆ. ಒಂದು ದೇಶದಲ್ಲಿ ಕಟ್ಟಡದ ಪರವಾನಗಿ ಸಿಗದಾಗ ಬಾಗಿಲನ್ನು ಇನ್ನೊಂದು ಬದಿಗೆ ಇಟ್ಟು ಅಲ್ಲಿ ಅರ್ಜಿ ಹಾಕಿದವರ ಮಾತು ಕೇಳಿಬರುತ್ತದೆ. ಡಚ್ ಕಾನೂನಿನ ಪ್ರಕಾರ ಹೋಟೆಲು ಬೇಗ ಮುಚ್ಚಬೇಕಾಗಿದ್ದ ಕಾಲದಲ್ಲಿ, ಹೊತ್ತು ಮೀರಿದಾಗ ಗಿರಾಕಿಗಳು ಎದ್ದು ಗೆರೆಯ ಆಚೆಯ ಮೇಜಿಗೆ ಹೋಗಿ ಕೂರುತ್ತಿದ್ದರು ಎಂಬುದು ಊರಿನ ಇನ್ನೊಂದು ಮಾತು. ಕಾನೂನಿನ ವ್ಯತ್ಯಾಸದಿಂದಲೇ ಅಂಗಡಿಬೀದಿ ಬೆಳೆದಿದೆ. ಹೊಸ ವರ್ಷದ ಹಿಂದಿನ ಮೂರು ದಿನ ಮಾತ್ರ ಪಟಾಕಿ ಮಾರಬೇಕು ಎಂಬ ಕಟ್ಟಳೆ ನೆದರ್ಲೆಂಡ್ಸಿನಲ್ಲಿ ಬಹುಕಾಲ ನಡೆದುಬಂತು. ಬೆಲ್ಜಿಯಂನಲ್ಲಿ ಅಂಥ ಬಿಗಿ ಇಲ್ಲದ್ದರಿಂದ ಬಾರ್ಲೆ-ಹೆರ್ಟೊಗ್‌ನ ಪಟಾಕಿ ಅಂಗಡಿಗಳಿಗೆ ಡಚ್ ಗಿರಾಕಿಗಳು ದೂರದೂರದಿಂದ ಬಂದರು. ಭಾನುವಾರ ಉಳಿದೆಡೆ ಅಂಗಡಿ ಮುಚ್ಚಿರುತ್ತಿದ್ದ ವರ್ಷಗಳಲ್ಲಿ ಇಲ್ಲಿ ತೆರೆದಿರುತ್ತಿದ್ದವು, ಅಂದು ಊರು ಜಾತ್ರೆಯಂತೆ ತುಂಬುತ್ತಿತ್ತು. 2014ರ ಜನವರಿಯಿಂದ ನೆದರ್ಲೆಂಡ್ಸಿನಲ್ಲಿ ಮದ್ಯ ಕೊಳ್ಳುವ ವಯಸ್ಸು 18 ಆಯಿತು, ಬೆಲ್ಜಿಯಂನಲ್ಲಿ ಬಿಯರ್ ಮತ್ತು ವೈನಿಗೆ 16 ಸಾಕು. ಮಕ್ಕಳ ತಂದೆತಾಯಂದಿರಿಗೂ ಹೋಟೆಲಿನವರಿಗೂ ಇದು ಸಣ್ಣ ತಲೆನೋವಲ್ಲ. 2002ರಲ್ಲಿ ಯೂರೊ ನೋಟು ಬರುವವರೆಗೆ ಊರಿನ ಪ್ರತಿ ಗಲ್ಲಾಪೆಟ್ಟಿಗೆಯಲ್ಲೂ ಗಿಲ್ಡರ್ ಮತ್ತು ಫ್ರಾಂಕ್ ಎರಡೂ ನಡೆಯುತ್ತಿದ್ದವು. 2017ರಲ್ಲಿ ಯುರೋಪ್ ಒಕ್ಕೂಟ ರೋಮಿಂಗ್ ಶುಲ್ಕ ತೆಗೆಯುವವರೆಗೆ ಮನೆಯೊಳಗೆ ಕೋಣೆ ಬದಲಾಯಿಸಿದರೆ ಮೊಬೈಲಿಗೆ ವಿದೇಶದ ದರ ಬೀಳುವ ಸಾಧ್ಯತೆಯಿತ್ತು.

ಆಡಳಿತ ನಡೆಸುವವರ ಕಷ್ಟ ಇದಕ್ಕಿಂತ ದೊಡ್ಡದು. ಇಬ್ಬರು ಮೇಯರುಗಳು, ಎರಡು ಪುರಸಭೆಗಳು, ಎರಡು ತೆರಿಗೆ ಪದ್ಧತಿ, ಎರಡು ಶಾಲಾ ವ್ಯವಸ್ಥೆ. ಒಂದು ಬೀದಿಯ ಚರಂಡಿ ಅಗೆದರೆ ಹಾರೆ ಹತ್ತು ಮಾರಿನೊಳಗೆ ಮೂರು ಸಲ ಗಡಿ ದಾಟೀತು. ಎರಡು ದೇಶಗಳು ಬೇರೆ ಬೇರೆ ಕೊಳವೆ ಹಾಕುವುದು ಆಗದ ಮಾತು. ಯಾರು ಹಾಕಿಸಬೇಕು, ಯಾರು ಎಷ್ಟು ಕೊಡಬೇಕು, ಕೆಟ್ಟರೆ ಯಾರನ್ನು ಕರೆಯಬೇಕು? ಇಂಥ ನೂರು ಪ್ರಶ್ನೆಗಳಿಗೆ ಕುಳಿತು ಉತ್ತರ ಕಂಡುಕೊಳ್ಳಲು 1998ರಲ್ಲಿ ಎರಡೂ ಪುರಸಭೆಗಳು ಸೇರಿ ಒಂದು ಜಂಟಿ ಮಂಡಳಿ ಮಾಡಿಕೊಂಡವು. ಗ್ರಂಥಾಲಯ, ಸಾಂಸ್ಕೃತಿಕ ಕೇಂದ್ರ ಇಬ್ಬರಿಗೂ ಸೇರಿ ಒಂದೇ. ಎರಡೂ ದೇಶಗಳ ಪೊಲೀಸರು ಒಂದೇ ಸೂರಿನಡಿ ಕೂರುತ್ತಾರೆ, ಪ್ರತಿಯೊಬ್ಬರೂ ತಮ್ಮ ದೇಶದ ಸಮವಸ್ತ್ರದಲ್ಲಿ, ತಮ್ಮ ದೇಶದ ಕಾನೂನಿನೊಂದಿಗೆ. ಬಾಗಿಲು ಒಂದಾದರೂ ಒಬ್ಬರ ಕಡತ ಇನ್ನೊಬ್ಬರಿಗೆ ಸುಲಭವಾಗಿ ತೆರೆಯುವುದಿಲ್ಲ. ಅಪರಾಧ ಮಾಡುವವರು ಹುಡುಕುವುದು ಈ ಬಿರುಕನ್ನೇ. ಚರಂಡಿಯ ಲೆಕ್ಕಕ್ಕೆ ಊರಿನವರು ತಾವೇ ದಾರಿ ಮಾಡಿಕೊಂಡರು. ಕಡತದ ಲೆಕ್ಕಕ್ಕೆ ರಾಜಧಾನಿಗಳು ಒಪ್ಪಬೇಕು. ಬಾರ್ಲೆಯ ಸಣ್ಣ ಸಮಸ್ಯೆಗಳು ಬೇಗ ಬಗೆಹರಿದು ದೊಡ್ಡವು ಉಳಿಯುತ್ತಾ ಬಂದಿರುವುದಕ್ಕೆ ಇದೇ ಕಾರಣ ಎಂದು ನನಗನ್ನಿಸುತ್ತದೆ.

2020ರಲ್ಲಿ ಈ ಹೊಂದಾಣಿಕೆಗೆ ಕಠಿಣ ಪರೀಕ್ಷೆ ಬಂತು. ಕೋವಿಡ್ ಹರಡಿದಾಗ ಎರಡು ದೇಶಗಳು ಎರಡು ದಾರಿ ಹಿಡಿದವು. ಮಾರ್ಚ್ 18ರಿಂದ ಬೆಲ್ಜಿಯಂ ದಿನಸಿ, ಔಷಧಿಯಂಥ ಅಗತ್ಯದ ಅಂಗಡಿಗಳನ್ನು ಬಿಟ್ಟು ಉಳಿದವನ್ನೆಲ್ಲ ಮುಚ್ಚಿಸಿತು. ನೆದರ್ಲೆಂಡ್ಸ್ ಅಷ್ಟು ಬಿಗಿ ಮಾಡಲಿಲ್ಲ. ಬಾರ್ಲೆಯಲ್ಲಿ ಗಡಿಯ ಮೇಲೆ ನಿಂತ ಒಂದು ಬಟ್ಟೆ ಅಂಗಡಿಯೊಳಗೆ ಕೆಂಪು-ಬಿಳಿ ಪಟ್ಟಿ ಕಟ್ಟಿದರು. ಪಟ್ಟಿಯ ಈಚೆ ಡಚ್ ನೆಲ, ಅಲ್ಲಿ ತೂಗುಹಾಕಿದ ಬಟ್ಟೆ ಕೊಳ್ಳಬಹುದು. ಆಚೆ ಬೆಲ್ಜಿಯಂ, ಅಲ್ಲಿರುವುದನ್ನು ಮುಟ್ಟುವಂತಿಲ್ಲ. ನೆದರ್ಲೆಂಡ್ಸಿನ ಕಾಫಿ-ಬಿಯರ್ ಅಂಗಡಿಗಳು ಜೂನ್ 1ಕ್ಕೆ ಮತ್ತೆ ತೆರೆದವು, ಬೆಲ್ಜಿಯಂನವು ಜೂನ್ 8ಕ್ಕೆ. ಆ ಒಂದು ವಾರ ರಸ್ತೆಯ ಒಂದು ಕಡೆ ಮೇಜು ಹಾಕಿ ಜನ ಕೂತಿದ್ದರೆ ಎದುರು ಕಡೆಯ ಮಾಲೀಕ ಕುರ್ಚಿ ಪೇರಿಸಿಟ್ಟು ನೋಡಬೇಕಾಯಿತು. ಜುಲೈಯಲ್ಲಿ ಬೆಲ್ಜಿಯಂ ಅಂಗಡಿಗಳಲ್ಲಿ ಮಾಸ್ಕ್ ಕಡ್ಡಾಯ ಮಾಡಿತು, ನೆದರ್ಲೆಂಡ್ಸ್ ಡಿಸೆಂಬರಿನವರೆಗೆ ಮಾಡಲಿಲ್ಲ. ಒಂದು ಬೀದಿಯಲ್ಲಿ ಸಾಮಾನು ಕೊಳ್ಳುತ್ತ ಹೋದವರು ಮಾಸ್ಕನ್ನು ಏರಿಸುತ್ತ, ಇಳಿಸುತ್ತ ನಡೆದರು. ವೈರಾಣು ಒಂದೇ, ಗಾಳಿ ಒಂದೇ. ರಾಜಧಾನಿಗಳಲ್ಲಿ ಕುಳಿತು ಆದೇಶ ಬರೆದವರಿಗೆ ಇಂಥದೊಂದು ಊರು ಇದೆ ಎಂಬುದು ನೆನಪಾಗಿರಲಾರದು. ಆ ದಿನಗಳಲ್ಲಿ ಎರಡೂ ಮೇಯರುಗಳು ಪ್ರತಿ ಆದೇಶವನ್ನೂ ಊರಿಗೆ ಹೊಂದಿಸಿ ಅರ್ಥ ಹೇಳಬೇಕಾಯಿತು.

ಭಾರತೀಯರಾದ ನಮಗೆ ಬಾರ್ಲೆಯ ಜೊತೆಗೆ ನೆನಪಾಗಬೇಕಾದ ಇನ್ನೊಂದು ಸೀಮೆಯಿದೆ. ಪಶ್ಚಿಮ ಬಂಗಾಳದ ಕೂಚ್ ಬಿಹಾರ ಮತ್ತು ಬಾಂಗ್ಲಾದೇಶದ ರಂಗಪುರದ ನಡುವಿನ, ಚಿಟ್‌ಮಹಲುಗಳೆಂಬ ತುಂಡು ನೆಲಗಳು. ಅಲ್ಲಿಯೂ ಗಂಟು ಬಿದ್ದದ್ದು ಹಳೆಯ ದೊರೆಗಳ ನೆಲ ಹಂಚಿಕೆಯಿಂದ. ಕೂಚ್ ಬಿಹಾರದ ಮಹಾರಾಜರಿಗೂ ಮೊಘಲರಿಗೂ ಹದಿನೆಂಟನೆಯ ಶತಮಾನದ ಆರಂಭದಲ್ಲಿ ಆದ ಒಪ್ಪಂದದಲ್ಲಿ ಉಳಿದುಹೋದ ತುಂಡುಗಳು 1947ರಲ್ಲಿ ಅಂತರರಾಷ್ಟ್ರೀಯ ಗಡಿಗೆ ಸಿಕ್ಕಿಬಿದ್ದವು. ಬಾಂಗ್ಲಾದೇಶದೊಳಗೆ ಭಾರತದ 111, ಭಾರತದೊಳಗೆ ಬಾಂಗ್ಲಾದ 51. ಬಾರ್ಲೆಯಷ್ಟೇ ಜಟಿಲ, ಕೆಲವು ಕಡೆ ಅದಕ್ಕಿಂತಲೂ ಜಟಿಲ. ಆದರೆ ಅಲ್ಲಿ ಬಾಳಿದ 50 ಸಾವಿರಕ್ಕೂ ಹೆಚ್ಚು ಜನರಿಗೆ ವಿದ್ಯುತ್ ಇರಲಿಲ್ಲ, ಶಾಲೆಯಿರಲಿಲ್ಲ, ಆಸ್ಪತ್ರೆಯಿರಲಿಲ್ಲ, ದೂರು ಕೊಡಲು ಪೊಲೀಸ್ ಠಾಣೆಯಿರಲಿಲ್ಲ. ತಮ್ಮದೇ ದೇಶಕ್ಕೆ ಹೋಗಲು ಪರದೇಶ ದಾಟಬೇಕು, ದಾಟಲು ವೀಸಾ ಬೇಕು, ವೀಸಾ ಕೊಡುವ ಕಚೇರಿ ಪರದೇಶದಾಚೆ. ಮಗುವನ್ನು ಶಾಲೆಗೆ ಸೇರಿಸಲು ಪಕ್ಕದ ಊರಿನ ಯಾರನ್ನೋ ತಂದೆಯೆಂದು ಬರೆಸಿದ ಮನೆಗಳೆಷ್ಟೋ. 1974ರಲ್ಲಿ ಇಂದಿರಾ ಗಾಂಧಿ ಮತ್ತು ಮುಜಿಬುರ್ ರಹಮಾನ್ ಸಹಿ ಮಾಡಿದ ಒಪ್ಪಂದ ಜಾರಿಗೆ ಬಂದದ್ದು 2015ರಲ್ಲಿ, ಸಂವಿಧಾನದ ನೂರನೆಯ ತಿದ್ದುಪಡಿಯ ಮೂಲಕ. ಜುಲೈ 31ರ ನಡುರಾತ್ರಿ ತುಂಡುಗಳು ಕೈ ಬದಲಾದವು. ನಕಾಶೆಯಲ್ಲಿ ಅಕ್ಕತಂಗಿಯರಂತೆ ಕಾಣುವ ಎರಡು ಸೀಮೆಗಳಲ್ಲಿ ಒಂದು ಕಡೆ ಅಜ್ಜಿಯ ಬಾಗಿಲನ್ನು ಸರಿಸಿಕೊಟ್ಟರು, ಇನ್ನೊಂದು ಕಡೆ ನಾಲ್ಕು ದಶಕ ಕಾಯಿಸಿದರು. ಈ ಅಂತರವನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಚಿಟ್‌ಮಹಲಿನವರು ಗಡಿ ಅಳಿಸಿ ಎಂದು ಬೇಡಿದರು, ಅದು ನ್ಯಾಯವಾಗಿತ್ತು. ಬಾರ್ಲೆಯಲ್ಲಿ ಈಗ ಅಂಥ ಕೂಗಿಲ್ಲ. ಬೆಲ್ಜಿಯಂ ಮತ್ತು ನೆದರ್ಲೆಂಡ್ಸ್ ಮನಸ್ಸು ಮಾಡಿದರೆ ನೆಲ ಬದಲಾಯಿಸಿಕೊಳ್ಳಬಲ್ಲವು. ಮ್ಯೂಸ್ ನದಿಯ ಪಾತ್ರ ನೇರ ಮಾಡಿದ ಮೇಲೆ ತಪ್ಪು ದಡಕ್ಕೆ ಸಿಕ್ಕಿಕೊಂಡ ಕೆಲವು ತುಂಡುಗಳನ್ನು ಅವು 2018ರ ಜನವರಿ 1ರಂದು ಜಗಳವಿಲ್ಲದೆ ಅದಲುಬದಲು ಮಾಡಿಕೊಂಡವು. ಆ ತುಂಡುಗಳಲ್ಲಿ ಜನವಸತಿಯಿರಲಿಲ್ಲ. ಬಾರ್ಲೆಯಲ್ಲಿ ಹತ್ತು ಸಾವಿರದ ಆಸುಪಾಸು ಜನರಿದ್ದಾರೆ. ಅವರ ಪಿಂಚಣಿ, ಆಸ್ತಿಪತ್ರ, ಮಕ್ಕಳ ಶಾಲೆ, ವ್ಯಾಪಾರ ಎಲ್ಲವೂ ಆ ಗೆರೆಗಳ ಸುತ್ತ ಬೆಳೆದುಕೊಂಡಿವೆ. ಪ್ರವಾಸಿಗರು ಬರುವುದೂ ಆ ಗೆರೆಗಳಿಗಾಗಿಯೇ. ಒಂದು ಕಾಲಕ್ಕೆ ಟಿಲ್ಬರ್ಗ್‌ನಿಂದ ಬೆಲ್ಜಿಯಂನ ಟರ್ನ್‌ಹೌಟ್‌ಗೆ ಹೋಗುತ್ತಿದ್ದ ರೈಲು ಈ ಊರನ್ನು ಹಾದುಹೋಗುತ್ತಿತ್ತು. 1867ರಲ್ಲಿ ಆರಂಭವಾದ ಆ ದಾರಿಯಲ್ಲಿ ಪ್ರಯಾಣಿಕರ ಗಾಡಿ 1934ರಲ್ಲೇ ನಿಂತಿತು. ಹಳಿ ಕಿತ್ತ ಜಾಗ ಈಗ ಸೈಕಲ್ ದಾರಿ. ಪ್ರವಾಸಿಗರು ಆ ದಾರಿಯಲ್ಲಿ ಬರುತ್ತಾರೆ, ಗುರುತುಗಳನ್ನು ನೋಡುತ್ತಾರೆ, ಉಂಡು ಹೋಗುತ್ತಾರೆ. ಊರಿನ ಹೋಟೆಲು, ಅಂಗಡಿಗಳು ಅವರಿಂದ ನಡೆಯುತ್ತವೆ. ಅವರು ಹೊರಟ ಮೇಲೆ ಜಂಟಿ ಮಂಡಳಿಯ ಮೇಜಿನ ಮೇಲೆ ಉಳಿಯುವುದು ದುರಸ್ತಿಯಾಗಬೇಕಾದ ಬೀದಿ, ಅದರ ಖರ್ಚಿನ ಪಾಲು, ಪೊಲೀಸರ ಕಡತಗಳ ಬಗ್ಗೆ ಬ್ರಸೆಲ್ಸ್‌ಗೂ ಹೇಗ್‌ಗೂ ಬರೆಯಬೇಕಾದ ಪತ್ರ.